ಅರ್ಧ ಸುತ್ತಿಗೆ ನಿಲ್ಲುವ ಎಂಜಿನ್: ಹುಲ್ಲು ಕತ್ತರಿಸುವ ಬಂಡಿಯೊಂದಿಗೆ ಐದು ವಾರ

ನಮ್ಮ ಮನೆ ಇರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕೊಲಂಬಸ್ ನಗರದಿಂದ ಮುಕ್ಕಾಲು ಗಂಟೆಯ ದಾರಿ. ಮನೆಯ ಸುತ್ತ ಅರ್ಧ ಎಕರೆ ಜಾಗವಿದೆ. ಊರಿನ ಲೆಕ್ಕದಲ್ಲಿ 20 ಗುಂಟೆ. ರಾಣೆಬೆನ್ನೂರು ಕಡೆಯ ನಮ್ಮ ನೆಂಟರಿಗೆ ಇದನ್ನು ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆ, "ಏನು ಬಿತ್ತಿದ್ದೀರಿ?" ಬಿತ್ತಿರುವುದು ಹುಲ್ಲು. ಬೆಳೆಸಿ, ಕತ್ತರಿಸಿ, ಅಲ್ಲಿಯೇ ಬಿಡುವ ಹುಲ್ಲು. ತಿನ್ನುವುದಕ್ಕೆ ಒಂದು ಎಮ್ಮೆಯೂ ಇಲ್ಲ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಇದನ್ನು ಕತ್ತರಿಸಲೇಬೇಕು. ಅದಕ್ಕೆಂದೇ ಮೂರು ವರ್ಷದ ಹಿಂದೆ, ಬೇರೆ ಊರಿಗೆ ಹೊರಟಿದ್ದವರೊಬ್ಬರಿಂದ 400 ಡಾಲರ್ ಕೊಟ್ಟು ಒಂದು ಸಣ್ಣ ಮೋವರ್ ಕೊಂಡಿದ್ದೆ. ಮೇಲೆ ಕೂತು ಓಡಿಸುವಂಥದ್ದು. ಒಂದೇ ಸಿಲಿಂಡರ್, 30 ಇಂಚಿನ ಬ್ಲೇಡು, ತೂಕ 150 ಕಿಲೋ ಆಸುಪಾಸು. ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಕಂಪನಿಯದಲ್ಲ. ಬಹುಪಾಲು ನನ್ನದೇ. ಇದೇ ಗೋಳಿನಲ್ಲಿ ಸಿಕ್ಕಿಕೊಂಡಿರುವ ಇನ್ನೊಬ್ಬರ ದುಡ್ಡಾದರೂ ಉಳಿಯಲಿ ಎಂದು, ಕೈಯ ಗ್ರೀಸು ಪೂರ್ತಿ ಹೋಗುವ ಮೊದಲೇ ಬರೆಯುತ್ತಿದ್ದೇನೆ.

ಏಪ್ರಿಲ್ ಮೊದಲ ಶನಿವಾರ ಶೆಡ್ಡಿನ ಬಾಗಿಲು ತೆರೆದು, ಆಸನದ ಮೇಲೆ ಕೂತು ಕೀಲಿ ತಿರುಗಿಸಿದೆ. ಏನೂ ಇಲ್ಲ. ಟಕ್ ಎನ್ನುವ ಸದ್ದೂ ಇಲ್ಲ. ಅಕ್ಟೋಬರ್‌ನಲ್ಲಿ ನಿಲ್ಲಿಸಿ ಹೋದವನು ಬ್ಯಾಟರಿ ಬಿಚ್ಚಿರಲಿಲ್ಲ, ಪೆಟ್ರೋಲ್ ಖಾಲಿ ಮಾಡಿರಲಿಲ್ಲ, ಒಂದು ಬಟ್ಟೆ ಕೂಡ ಹೊದಿಸಿರಲಿಲ್ಲ. ಚಳಿಗಾಲವಿಡೀ ಹೆಪ್ಪುಗಟ್ಟುವ ಶೆಡ್ಡಿನಲ್ಲಿ ಆರು ತಿಂಗಳು ಬಿದ್ದಿದ್ದ ಯಂತ್ರ ಮುನಿಸಿಕೊಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಇಲಿಯೊಂದು ಒಣಹುಲ್ಲು, ಹತ್ತಿ, ನನ್ನದೇ ಹಳೆಯ ಕೈಗವಸಿನ ಎಳೆ ಸೇರಿಸಿ ಅಚ್ಚುಕಟ್ಟಾದ ಸಂಸಾರ ಹೂಡಿತ್ತು. ಗಾಳಿ ಆಡಿ ಎಂಜಿನ್ ತಣ್ಣಗಾಗಬೇಕಾದ ಜಾಗ ಅದು. ಹಾಗೆಯೇ ಓಡಿಸಿದ್ದರೆ ಸುಟ್ಟೇ ಹೋಗುತ್ತಿತ್ತು. ಚಳಿಗಾಲದ ನಂತರ ಮೊದಲ ಬಾರಿ ಕೀಲಿ ಹಾಕುವ ಮುನ್ನ ಆ ಹೊದಿಕೆಯೊಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ತಂತಿಗಳನ್ನು ಇಲಿ ಕಡಿದಿದೆಯೇ ಎಂಬುದನ್ನೂ.

ಕೀಲಿ ತಿರುಗಿಸಿದಾಗ ಪೂರ್ತಿ ಮೌನವಾದರೆ ನೋಡಬೇಕಾದದ್ದು ಕೆಲವೇ ಸಂಗತಿ. ಬ್ರೇಕ್ ಪೆಡಲನ್ನು ಕೊನೆಯವರೆಗೆ ಒತ್ತಿದ್ದೀರಾ? ಬ್ಲೇಡಿನ ಲಿವರ್ ಕೆಳಗಿದೆಯೇ? ಇವೆರಡಕ್ಕೂ ಸುರಕ್ಷತೆಯ ಸ್ವಿಚ್ ಇರುತ್ತದೆ, ಆಸನದ ಅಡಿಯಲ್ಲಿ ಇನ್ನೊಂದು. ಪೆಡಲು ಪೂರ್ತಿ ಒತ್ತದಿದ್ದರೆ ಯಂತ್ರ ಸತ್ತಂತೆ ಬಿದ್ದಿರುತ್ತದೆ. ಆಮೇಲೆ ಫ್ಯೂಸು. ನನ್ನದರಲ್ಲಿ ಅವೆಲ್ಲ ಸರಿಯಿದ್ದವು. 23 ಡಾಲರಿನ ಮಲ್ಟಿಮೀಟರ್ ತಂದು ಬ್ಯಾಟರಿಗೆ ಹಿಡಿದರೆ 11 ವೋಲ್ಟಿಗೂ ಕಡಿಮೆ. ಪೂರ್ತಿ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ರಾತ್ರಿಯಿಡೀ ಚಾರ್ಜ್ ಮಾಡಿದೆ. ಬೆಳಿಗ್ಗೆ ಮೇಲೇರಿದ್ದು ಮಧ್ಯಾಹ್ನಕ್ಕೆ ಮತ್ತೆ ಕೆಳಗಿಳಿದಿತ್ತು. ಹೊಸ ಬ್ಯಾಟರಿಗೆ 54 ಡಾಲರ್. ಜೊತೆಗೆ ಒಂದಿಷ್ಟು ಠೇವಣಿ ಹಿಡಿದುಕೊಳ್ಳುತ್ತಾರೆ. ಹಳೆಯ ಬ್ಯಾಟರಿ ಮರಳಿಸಿದರೆ ಅದು ವಾಪಸು. ನನಗೆ ಗೊತ್ತಿರಲಿಲ್ಲ, ಎರಡು ಸಲ ಅಂಗಡಿಗೆ ಹೋಗಬೇಕಾಯಿತು. ನೀವು ಹೋಗುವಾಗಲೇ ಹಳೆಯದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ಹೋಗಿ, ಆದರೆ ನೆಟ್ಟಗೆ ನಿಲ್ಲಿಸಿ.

ಹೊಸ ಬ್ಯಾಟರಿ ಹಾಕಿ, ಹೆಂಡತಿಯನ್ನೂ ಮಗಳನ್ನೂ ಕರೆದು ಎದುರು ನಿಲ್ಲಿಸಿಕೊಂಡು ಕೀಲಿ ತಿರುಗಿಸಿದೆ. ಟಕಟಕಟಕಟಕ. ಮಿಷನ್ ಗನ್ನಿನ ಹಾಗೆ. ಎಂಜಿನ್ ಅಲುಗಲಿಲ್ಲ.

"ರೀ, ನಿಮ್ಮ ಊರಿನಲ್ಲಿ ಕುಡುಗೋಲು ಅಂತ ಒಂದು ಇರುತ್ತಿತ್ತಲ್ಲ?" ಎಂದು ಕೇಳಿ ಅವಳು ಒಳಗೆ ಹೋದಳು.

ನಾನು ಮಾಡಿದ ಮೊದಲ ತಪ್ಪು ಇಲ್ಲಿ. ಟಕಟಕ ಸದ್ದು ಬರುವುದು ಸೊಲೆನಾಯ್ಡಿನಿಂದ, ಅಂದರೆ ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಿನಿಂದ ಎಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು. ಸದ್ದು ಅಲ್ಲಿಂದ ಬರುವುದು ನಿಜ. ಕೆಟ್ಟಿರುವುದೂ ಅದೇ ಎನ್ನುವುದಕ್ಕೆ ಆಧಾರವಿರಲಿಲ್ಲ. 17 ಡಾಲರ್ ಕೊಟ್ಟು ಹೊಸ ಸೊಲೆನಾಯ್ಡ್ ತರಿಸಿದೆ, ಬರಲು ನಾಲ್ಕು ದಿನ. ಹಾಕಿದೆ. ಟಕಟಕಟಕ. ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ, ಅಷ್ಟೇ.

ಆಮೇಲೆ ಕೂತು ಓದಿ ಕಲಿತದ್ದು ಇದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಬರಿ ಲೋಹಕ್ಕೆ ಹಿಡಿದು ಇನ್ನೊಬ್ಬರಿಂದ ಕೀಲಿ ತಿರುಗಿಸಿಸಬೇಕು. ಅರ್ಥಿಂಗ್ ಸರಿಯಿದ್ದರೆ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು, ಅರ್ಧ ವೋಲ್ಟ್ ದಾಟಬಾರದು. ಹೆಂಡತಿ ಕೀಲಿ ತಿರುಗಿಸಿದಳು. ಅಂಕಿ ಕುಣಿಯುತ್ತ ಏಳು, ಎಂಟರ ಹತ್ತಿರ ಹೋಯಿತು. ಅಂದರೆ ಬ್ಯಾಟರಿಯ ಶಕ್ತಿಯ ಹೆಚ್ಚಿನ ಪಾಲು ಸೆಲ್ಫ್ ಮೋಟಾರನ್ನು ಮುಟ್ಟುವ ಮೊದಲೇ ದಾರಿಯಲ್ಲಿ ಕಳೆದುಹೋಗುತ್ತಿದೆ. ಮೈನಸ್ ತಂತಿಯನ್ನು ಚಾಸಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದೆ. ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲದ ತುಕ್ಕು, ಒಣಗಿದ ಅರಿಸಿನದ ಹಾಗೆ ಪುಡಿಪುಡಿ ಉದುರಿತು. ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿದೆ. ಖರ್ಚು 5 ಡಾಲರ್, ಅದರಲ್ಲೂ ಉಪ್ಪುಕಾಗದ ಇನ್ನೂ ಉಳಿದಿದೆ. ಬ್ಯಾಟರಿ ಕಂಬಗಳ ಮೇಲೆ ಬಿಳಿ ಹುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಬಹುದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇದನ್ನು ಮರೆತರೆ ಸ್ಪ್ಯಾನರಿನಲ್ಲೇ ಕಿಡಿ ಹಾರುತ್ತದೆ.

ಈಗ ಕೀಲಿ ತಿರುಗಿಸಿದರೆ ಎಂಜಿನ್ ಅಲುಗಿತು. ಅರ್ಧ ಸುತ್ತು ತಿರುಗಿ, ಗಕ್ ಎಂದು ನಿಂತಿತು. ಮತ್ತೆ ತಿರುಗಿಸಿದರೆ ಮತ್ತೆ ಅರ್ಧ ಸುತ್ತು, ಗಕ್. ಗೋಡೆಗೆ ಹಾಯ್ದ ಹಾಗೆ.

ಈ ಅರ್ಧ ಸುತ್ತಿನಲ್ಲಿಯೇ ನನ್ನ ಮುಂದಿನ ಮೂರು ವಾರ ಕಳೆದವು. ಹಿಂದಿನ ವರ್ಷದ ಕೊನೆಯಲ್ಲೂ ಒಮ್ಮೊಮ್ಮೆ ಹೀಗೆ ಆಗಿತ್ತು ಎಂಬುದು ಈಗ ನೆನಪಾಯಿತು. ಎರಡನೆಯ ಸಲ ಕೀಲಿ ತಿರುಗಿಸಿದರೆ ಹೊತ್ತಿಕೊಳ್ಳುತ್ತಿದ್ದುದರಿಂದ ತಲೆ ಕೆಡಿಸಿಕೊಂಡಿರಲಿಲ್ಲ. ಯಂತ್ರ ಮುಂಚೆಯೇ ಹೇಳಿತ್ತು; ನಾನು ಕೇಳಿಸಿಕೊಂಡಿರಲಿಲ್ಲ.

ದುರಸ್ತಿ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಏಪ್ರಿಲ್‌ನಲ್ಲಿ ಊರಿನವರೆಲ್ಲರ ಮೋವರೂ ಒಟ್ಟಿಗೇ ಕೆಡುತ್ತದೆ ಎಂಬುದು ಆಗ ಗೊತ್ತಾಯಿತು. ಸರದಿ ಬರಲು ನಾಲ್ಕು ವಾರವಂತೆ. ಮನೆಯಿಂದ ಒಯ್ದು ತಂದುಕೊಡಲು 95 ಡಾಲರ್, ಬರೀ ನೋಡಿ ಹೇಳಲು 85. ರಿಪೇರಿ ಬೇರೆ. ಕೂಲಿ ಸೇರಿದರೆ ನಾನು ಬಂಡಿಗೆ ಕೊಟ್ಟ ಬೆಲೆಯ ಹತ್ತಿರ ಬರುತ್ತದೆ. ಆದರೂ ಹೆಸರು ಬರೆಸಿದೆ. ಅವರು ಮಾಡೆಲ್ ಸಂಖ್ಯೆ ಕೇಳಿದರು. ಇಲ್ಲಿ ಒಂದು ಗೊಂದಲ: ಬಂಡಿಯ ಸಂಖ್ಯೆ ಬೇರೆ, ಎಂಜಿನ್ನಿನ ಸಂಖ್ಯೆ ಬೇರೆ. ಮೊದಲನೆಯದು ಆಸನದ ಅಡಿಯ ಚೀಟಿಯಲ್ಲಿತ್ತು, ಎರಡನೆಯದು ಎಂಜಿನ್ನಿನ ಮೇಲಿನ ಲೋಹಕ್ಕೆ ಕೆತ್ತಿತ್ತು, ಗ್ರೀಸು ಒರೆಸಿದ ಮೇಲೆ ಕಾಣಿಸಿತು. ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬಿಡಿಭಾಗಕ್ಕೂ ಕೈಪಿಡಿಗೂ ಸರಿಯಾದ ಸಂಖ್ಯೆಯೇ ಬೇಕು. ಎಂಜಿನ್ ತಯಾರಕರ ಕೈಪಿಡಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಕ್ಕಿತು. ಅದನ್ನು ಆಗಲೇ ಓದಿದ್ದರೆ ಈ ಬರಹ ಅರ್ಧಕ್ಕೇ ಮುಗಿಯುತ್ತಿತ್ತು. ಓದಲಿಲ್ಲ.

ಬದಲಿಗೆ ಸೆಲ್ಫ್ ಮೋಟಾರಿಗೆ ಶಕ್ತಿ ಸಾಲದು ಎಂದು ನಾನೇ ತೀರ್ಮಾನಿಸಿದೆ. ಬ್ಯಾಟರಿ ಹೊಸದು, ಅರ್ಥಿಂಗ್ ಸರಿ, ಸೊಲೆನಾಯ್ಡ್ ಹೊಸದು, ಉಳಿದದ್ದು ಮೋಟಾರೊಂದೇ ಎನ್ನುವ ತರ್ಕ. 86 ಡಾಲರ್. ಬಂತು, ಹಾಕಿದೆ. ಅರ್ಧ ಸುತ್ತು, ಗಕ್. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಒಮ್ಮೆ ಜೋಡಿಸಿದ ವಿದ್ಯುತ್ ಬಿಡಿಭಾಗಕ್ಕೆ ಮರುಪಾವತಿ ಇಲ್ಲ ಎಂದು ಬಿಲ್ಲಿನ ಹಿಂಬದಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಇತ್ತು.

ಅಷ್ಟು ಹೊತ್ತಿಗೆ ಹುಲ್ಲು ಮೊಣಕಾಲಿನ ಕಡೆ ಹೊರಟಿತ್ತು. ಬಡಾವಣೆಯ ಮನೆಮಾಲೀಕರ ಸಂಘದಿಂದ ಪತ್ರ ಬಂತು. ಅತ್ಯಂತ ವಿನಯದ ಪತ್ರ. ನಿಮ್ಮ ಹುಲ್ಲು ಎಂಟು ಇಂಚು ದಾಟಿದೆ, ಹತ್ತು ದಿನದಲ್ಲಿ ಸರಿಪಡಿಸದಿದ್ದರೆ ನಾವೇ ಕತ್ತರಿಸಿ ಬಿಲ್ಲು ಕಳಿಸುತ್ತೇವೆ ಎಂದು. ಜೊತೆಗೆ ನನ್ನ ಅಂಗಳದ ಫೋಟೋ. ಯಾರೋ ಅಳತೆಪಟ್ಟಿ ಹಿಡಿದು ನಿಂತು ತೆಗೆದದ್ದು. ಊರಿನಲ್ಲಿ ಹೊಲದ ಬದುವಿನ ಹುಲ್ಲಿಗೆ ಜಗಳವಾಗುತ್ತಿದ್ದುದು ಅದನ್ನು ಯಾರು ಕೊಯ್ದುಕೊಳ್ಳಬೇಕು ಎಂಬುದಕ್ಕೆ. ಇಲ್ಲಿ ಕೊಯ್ಯಲಿಲ್ಲ ಎಂಬುದಕ್ಕೆ. ನಾಚಿಕೆಯಾಯಿತು, ಸಿಟ್ಟೂ ಬಂತು. 65 ಡಾಲರ್ ಕೊಟ್ಟು ಹುಲ್ಲು ಕತ್ತರಿಸುವವರನ್ನು ಕರೆಸಿದೆ. ಅವರ ದೊಡ್ಡ ಯಂತ್ರ ನನ್ನ ಶೆಡ್ಡಿನ ಮುಂದೆಯೇ ಗುಡುಗುತ್ತ ಹೋಯಿತು. ಇಪ್ಪತ್ತು ನಿಮಿಷದ ಕೆಲಸ. ಸಂಘಕ್ಕೆ ಉತ್ತರ ಬರೆಯುವಾಗ ಫೋಟೋದ ಜೊತೆ ದುರಸ್ತಿ ಅಂಗಡಿಯ ಸರದಿ ಚೀಟಿಯನ್ನೂ ಲಗತ್ತಿಸಿದೆ. ಆಮೇಲೆ ಪತ್ರ ಬರಲಿಲ್ಲ. ಕಾಗದಕ್ಕೆ ಕಾಗದವೇ ಮದ್ದು.

ಎರಡು ಮನೆ ಆಚೆ ಒಬ್ಬರು ನಿವೃತ್ತರಿದ್ದಾರೆ, ಸಂಜೆ ನಾಯಿಯೊಡನೆ ಓಡಾಡುವವರು. ಶೆಡ್ಡಿನಿಂದ ನಾನು ಕೀಲಿ ತಿರುಗಿಸುವ ಸದ್ದು ಅವರಿಗೆ ಅಷ್ಟು ದಿನದಿಂದ ಕೇಳಿಸುತ್ತಿದ್ದಿರಬೇಕು. ಒಂದು ಸಂಜೆ ನಿಂತು, "ಸ್ಪಾರ್ಕ್ ಪ್ಲಗ್ ಬಿಚ್ಚಿ ತಿರುಗಿಸಿ ನೋಡಿದಿರಾ?" ಎಂದರು. ಇಲ್ಲ ಎಂದೆ. "ನೋಡಿ" ಎಂದಷ್ಟೇ ಹೇಳಿ ನಾಯಿಯನ್ನು ಎಳೆದುಕೊಂಡು ಹೋದರು.

ಪ್ಲಗ್ ಬಿಚ್ಚಿ, ಅದರ ತಂತಿಯನ್ನು ದೂರ ಸರಿಸಿಟ್ಟು ಕೀಲಿ ತಿರುಗಿಸಿದೆ. ಎಂಜಿನ್ ಗಿರಗಿರನೆ ತಿರುಗಿತು. ನಿಲ್ಲುವ ಮಾತೇ ಇಲ್ಲ. ಹಾಗಾದರೆ ಬ್ಯಾಟರಿ, ತಂತಿ, ಸೊಲೆನಾಯ್ಡ್, ಸೆಲ್ಫ್ ಯಾವುದಕ್ಕೂ ಬಹುಶಃ ರೋಗವಿಲ್ಲ. ಖರ್ಚಿಲ್ಲದ ಐದು ನಿಮಿಷದ ಪರೀಕ್ಷೆ. ಇದನ್ನು ಮೊದಲೇ ಮಾಡಿದ್ದರೆ ಆ 86 ಡಾಲರ್ ಜೇಬಿನಲ್ಲಿರುತ್ತಿತ್ತು. (ಪ್ಲಗ್ಗಿನ ರಂಧ್ರದಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ. ಶೆಡ್ಡಿನ ಹೊರಗೆ ಮಾಡಿ, ಎದುರು ಮುಖವೊಡ್ಡಬೇಡಿ.) ಆದರೆ ರೋಗ ಇಲ್ಲಿಲ್ಲ ಎಂದು ತಿಳಿಯಿತೇ ಹೊರತು ಎಲ್ಲಿದೆ ಎಂದು ತಿಳಿಯಲಿಲ್ಲ. ಪ್ಲಗ್ ಹಾಕಿದರೆ ನಿಲ್ಲುತ್ತದೆ, ತೆಗೆದರೆ ಓಡುತ್ತದೆ; ಇದೆಂಥ ಒಗಟು?

ಆ ಭಾನುವಾರ ಸೋದರಮಾವನಿಗೆ ವಿಡಿಯೋ ಕರೆ ಮಾಡಿದ್ದೆ, ಬೇರೆ ವಿಷಯಕ್ಕೆ. ಮಾತು ಇಲ್ಲಿಗೆ ಬಂತು. ಮೊಬೈಲನ್ನು ಎಂಜಿನ್ನಿನ ಕಡೆ ತಿರುಗಿಸಿ ಆ ಅರ್ಧ ಸುತ್ತಿನ ಸದ್ದು ಕೇಳಿಸಿದೆ.

"ಪೆಟ್ರೋಲ್ ಎಂಜಿನ್ನು ನನಗೆ ತಿಳಿಯುವುದಿಲ್ಲ ಅಳಿಯಪ್ಪ" ಎಂದರು. ಆಮೇಲೆ ಸ್ವಲ್ಪ ತಡೆದು, "ನಮ್ಮ ಬಾವಿಯ ಎಂಜಿನ್ನಿಗೆ ನಾನು ಹ್ಯಾಂಡಲ್ ಹೊಡೆಯುವಾಗ ನೀನು ಏನು ಮಾಡುತ್ತಿದ್ದೆ?"

ನಾನು ಎಂಟು ವರ್ಷದವನಿದ್ದಾಗಿನ ಮಾತು. ಬಾವಿಯ ಪಕ್ಕದ ಡೀಸೆಲ್ ಪಂಪ್‌ಸೆಟ್ಟಿನ ತಲೆಯ ಮೇಲೆ ಒಂದು ಪುಟ್ಟ ಲಿವರ್ ಇರುತ್ತಿತ್ತು. ಅದನ್ನು ಎತ್ತಿ ಹಿಡಿಯುವುದು ನನ್ನ ಕೆಲಸ. ಮಾವ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ಬೀಸುವರು. ಚಕ್ರ ವೇಗ ಹಿಡಿದಾಗ "ಬಿಡು!" ಎಂದು ಕೂಗುವರು. ಬಿಟ್ಟೊಡನೆ ಕೊಳವೆಯಿಂದ ಕಪ್ಪು ಹೊಗೆಯ ಉಂಗುರ, ಡುಗ್, ಡುಗ್ ಡುಗ್. ಒಮ್ಮೆ ಅವಸರದಲ್ಲಿ ಲಿವರ್ ಎತ್ತದೆ ಬಿಟ್ಟಿದ್ದೆ. ಹ್ಯಾಂಡಲ್ ಅರ್ಧ ಸುತ್ತಿಗೇ ಗಕ್ ಎಂದು ನಿಂತು ಮಾವನ ಭುಜ ಉಳುಕಿತ್ತು.

"ಲಿವರ್ ಎತ್ತದಿದ್ದಾಗ ಆದಂತೆಯೇ ಕೇಳಿಸುತ್ತಿದೆ" ಎಂದರು. "ಅದಕ್ಕೂ ಎಲ್ಲಿಯೋ ಒಂದು ಲಿವರ್ ಇರಬೇಕು ನೋಡು."

ಆಗ ಕೈಪಿಡಿ ತೆರೆದೆ. ಲಿವರ್ ಇರಲಿಲ್ಲ, ಆದರೆ ಅದೇ ಕೆಲಸವನ್ನು ತಾನಾಗಿಯೇ ಮಾಡುವ ಏರ್ಪಾಡು ಇತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ, ಪಿಸ್ಟನ್ ಗಾಳಿಯನ್ನು ಒತ್ತುತ್ತ ಮೇಲೇರುವ ಹೊತ್ತಿಗೆ, ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಶಾಫ್ಟಿನ ಮೇಲಿನ ಸಣ್ಣ ಉಬ್ಬೊಂದು ವಾಲ್ವನ್ನು ಕೂದಲೆಳೆಯಷ್ಟು ಎತ್ತುತ್ತದೆ. ಒಂದಿಷ್ಟು ಗಾಳಿ ಸೋರಿ ಒತ್ತಡ ಇಳಿಯುತ್ತದೆ, ಪುಟ್ಟ ಸೆಲ್ಫ್ ಮೋಟಾರಿಗೆ ಎಂಜಿನ್ ತಿರುಗಿಸುವುದು ಹಗುರವಾಗುತ್ತದೆ. ಆದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು ಸವೆದು ಅಗಲವಾದರೆ ಆ ಸಣ್ಣ ಎತ್ತುವಿಕೆ ವಾಲ್ವನ್ನು ಮುಟ್ಟುವುದೇ ಇಲ್ಲ. ಬೈಕ್ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಟ್ಯಾಪೆಟ್ ಲೂಸ್. ಪ್ಲಗ್ ಬಿಚ್ಚಿದಾಗ ಗಾಳಿ ಆ ರಂಧ್ರದಿಂದಲೇ ಹೊರಟುಹೋಗುತ್ತಿತ್ತು, ಅದಕ್ಕೇ ಎಂಜಿನ್ ಸಲೀಸಾಗಿ ತಿರುಗಿದ್ದು. ಇಷ್ಟಕ್ಕೇ ನಾನು ಸೊಲೆನಾಯ್ಡನ್ನೂ ಮೋಟಾರನ್ನೂ ಬದಲಿಸಿದ್ದೆ.

7 ಡಾಲರಿಗೆ ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜ್, 6 ಡಾಲರಿಗೆ ವಾಲ್ವ್ ಮುಚ್ಚಳದ ಗ್ಯಾಸ್ಕೆಟ್, 4 ಡಾಲರಿಗೆ ಹೊಸ ಪ್ಲಗ್. ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ, ಹಳೆಯದು ಮುಚ್ಚಳ ತೆಗೆಯುವಾಗ ಹರಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿಯ ಮೈನಸ್ ಬಿಚ್ಚಿ, ಪ್ಲಗ್ ಬಿಚ್ಚಿ, ಮುಚ್ಚಳದ ನಾಲ್ಕು ಬೋಲ್ಟ್ ತೆಗೆದೆ. ಒಳಗೆ ಜೇನುತುಪ್ಪದ ಬಣ್ಣದ ಎಣ್ಣೆ ಮೆತ್ತಿಕೊಂಡ ಎರಡು ಸ್ಪ್ರಿಂಗು, ಎರಡು ರಾಕರು. ಅಷ್ಟೇ. ಇಷ್ಟು ದಿನ ಹೆದರಿದ್ದು ಇದಕ್ಕೇ.

ಎಂಜಿನ್ನನ್ನು ಮೇಲಿನ ಚಕ್ರ ಹಿಡಿದು ಕೈಯಿಂದ ತಿರುಗಿಸಬೇಕು. ಪ್ಲಗ್ಗಿನ ರಂಧ್ರದಲ್ಲಿ ಒಂದು ಪ್ಲಾಸ್ಟಿಕ್ ಸ್ಟ್ರಾ ಇಟ್ಟುಕೊಂಡೆ, ಪಿಸ್ಟನ್ ಮೇಲೇರಿದಂತೆ ಅದೂ ಏರುತ್ತದೆ. ಎರಡೂ ವಾಲ್ವ್ ಮುಚ್ಚಿದ ಸುತ್ತಿನಲ್ಲಿ ಸ್ಟ್ರಾ ತುತ್ತತುದಿ ಮುಟ್ಟಿದ ಮೇಲೆ, ಇನ್ನೂ ಕಾಲು ಇಂಚು ಕೆಳಗಿಳಿಸಿ ನಿಲ್ಲಿಸಬೇಕು ಎಂದು ನನ್ನ ಎಂಜಿನ್ನಿನ ಕೈಪಿಡಿ ಹೇಳುತ್ತದೆ. ತುದಿಯಲ್ಲೇ ಅಳೆದರೆ ಆ ಉಬ್ಬು ಅಡ್ಡಬಂದು ಅಳತೆ ತಪ್ಪುತ್ತದೆ. ಇದು ಗೊತ್ತಿಲ್ಲದೆ ಮೊದಲ ಸಲ ತುದಿಯಲ್ಲೇ ಅಳೆದು ಒಂದು ಗಂಟೆ ಹಾಳು ಮಾಡಿದೆ. ನನ್ನ ಎಂಜಿನ್ನಿಗೆ ಇರಬೇಕಾದ ಸಂದು ಇನ್‌ಲೆಟ್ ವಾಲ್ವಿಗೆ ಇಂಚಿನ ಸಾವಿರದಲ್ಲಿ 3ರಿಂದ 5 ಭಾಗ, ಎಕ್ಸಾಸ್ಟಿಗೆ 5ರಿಂದ 7. ನನ್ನದರಲ್ಲಿ ಒಂದು 14, ಇನ್ನೊಂದು 12. ನಿಮ್ಮ ಎಂಜಿನ್ನಿನ ಅಂಕಿ ಬೇರೆ ಇರಬಹುದು, ನನ್ನದನ್ನು ನಕಲು ಮಾಡಬೇಡಿ. ಗೇಜಿನ ತಗಡನ್ನು ಸಂದಿನಲ್ಲಿಟ್ಟು ನಟ್ ಬಿಗಿಯುತ್ತ ಹೋದೆ. ಎಳೆದರೆ ಬೆಣ್ಣೆ ಸವರಿದ ಕಾಗದ ಜಾರಿದಂತೆ ತುಸುವೇ ಹಿಡಿತ ಸಿಗಬೇಕು. ಲಾಕ್ ನಟ್ ಬಿಗಿಯುವಾಗ ಅಳತೆ ಮತ್ತೆ ಸರಿಯುತ್ತದೆ; ನಾಲ್ಕನೆಯ ಪ್ರಯತ್ನದಲ್ಲಿ ನಿಂತಿತು.

ಹಳೆಯ ಪೆಟ್ರೋಲನ್ನೂ ಹೊರತೆಗೆದೆ. ಇಲ್ಲಿಯ ಬಂಕುಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ, ತೇವ ಹೀರುತ್ತದೆ, ಆರು ತಿಂಗಳಿಗೆ ಹಳಸುತ್ತದೆ. ಹದಿನೈದರಷ್ಟು ಎಥನಾಲಿನದು ಅಗ್ಗವೆಂದು ಮೋವರಿಗೆ ಹಾಕಬೇಡಿ, ಅದಕ್ಕೆ ಅನುಮತಿಯೇ ಇಲ್ಲ.

ಎಲ್ಲ ಜೋಡಿಸಿ ಕೂತು ಕೀಲಿ ತಿರುಗಿಸಿದೆ. ಅರ್ಧ ಸುತ್ತು ದಾಟಿತು. ಒಂದು, ಎರಡು, ಮೂರು, ಗರಗರನೆ ತಿರುಗುತ್ತಲೇ ಇದೆ. ಆದರೆ ಹೊತ್ತಿಕೊಳ್ಳುತ್ತಿಲ್ಲ. ಹತ್ತು ಸೆಕೆಂಡು ತಿರುಗಿಸಿ, ಮೋಟಾರ್ ಆರಲೆಂದು ನಿಲ್ಲಿಸಿ, ಮತ್ತೆ ಹತ್ತು ಸೆಕೆಂಡು. ಇಲ್ಲ. ಕಾರ್ಬ್ಯುರೇಟರ್ ಕಟ್ಟಿಕೊಂಡಿರಬೇಕು, ಇನ್ನು ಅದಕ್ಕೆಷ್ಟೋ ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ. ಏಳನೆಯ ತರಗತಿಯ ಮಗಳು ಸುತ್ತ ಒಂದು ಸಲ ಬಂದು, "ಅಪ್ಪಾ, ಇದು ಎಲ್ಲಿಗೋ ಸೇರಬೇಕಲ್ಲವಾ?" ಎಂದಳು. ಪ್ಲಗ್ಗಿನ ತಂತಿ ಪಕ್ಕದಲ್ಲಿ ನೇತಾಡುತ್ತಿತ್ತು.

ತಂತಿ ಸಿಕ್ಕಿಸಿದೆ. ಎರಡನೆಯ ಸುತ್ತಿಗೇ ಹೊತ್ತಿಕೊಂಡಿತು. ಒಂದಿಷ್ಟು ಬಿಳಿ ಹೊಗೆ, ಆಮೇಲೆ ಒಂದೇ ಸಮನೆ ಸದ್ದು. ಮಾವನಿಗೆ ಮೊಬೈಲಿನಲ್ಲಿ ಕೇಳಿಸಿದೆ. ಅಲ್ಲಿ ರಾತ್ರಿ ಒಂಬತ್ತೂವರೆ. "ಆ ಲಿವರ್ ಸಿಕ್ಕಿತೇ?" ಎಂದರು.

ಲೆಕ್ಕ ಬರೆದಿಟ್ಟಿದ್ದೇನೆ. ನಿಜವಾಗಿ ಬೇಕಿದ್ದದ್ದು: ಬ್ಯಾಟರಿ, ಮಲ್ಟಿಮೀಟರ್, ಉಪ್ಪುಕಾಗದ, ಗೇಜ್, ಗ್ಯಾಸ್ಕೆಟ್, ಪ್ಲಗ್ ಸೇರಿ 99 ಡಾಲರ್. ಸೊಲೆನಾಯ್ಡ್, ಸೆಲ್ಫ್ ಮೋಟಾರ್, ಹುಲ್ಲು ಕತ್ತರಿಸಿದವರ ಕೂಲಿ ಸೇರಿ ವ್ಯರ್ಥವಾದದ್ದು 168. ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಸೆಲ್ಫ್ ಮೋಟಾರೊಂದು ಈಗ ನನ್ನ ಶೆಡ್ಡಿನ ಗೂಟಕ್ಕೆ ತೂಗುತ್ತಿದೆ.

ಮೇ ಎರಡನೆಯ ವಾರ, ಹಿತ್ತಲಿನ ಮೂರನೆಯ ಸಾಲಿನಲ್ಲಿದ್ದಾಗ ಜೇಬಿನಲ್ಲಿ ಮೊಬೈಲ್ ನಡುಗಿತು. ಏನು ಹೇಳುತ್ತಿದ್ದಾರೆಂದು ಕೇಳಿಸಲಿಲ್ಲ. ಎಂಜಿನ್ ಆರಿಸಲೋ ಬೇಡವೋ ಎಂದು ಕೈ ಒಂದು ಕ್ಷಣ ತಡೆಯಿತು. ಆರಿಸಿದೆ. ದುರಸ್ತಿ ಅಂಗಡಿಯವರು. ನನ್ನ ಸರದಿ ಬಂದಿದೆ, ನಾಳೆ ಬಂಡಿ ಒಯ್ಯಲು ಬರಲೇ ಎಂದು ಕೇಳಿದರು. ಬೇಡ ಎಂದು ಹೇಳಿ ಕೀಲಿ ತಿರುಗಿಸಿದೆ.